ಚಳಿಗಾಲ ಕರಗುವಾಗ ಬೆಟ್ಟಕ್ಕೆ: ಮೇಲಿನ ಹಿಮವೋ, ಕೆಳಗಿನ ಹಸಿರೋ?

ಈ ಕಾಲದಲ್ಲಿ ಬೆಟ್ಟಕ್ಕೆ ಹೊರಟರೆ ಒಂದೇ ದಿನದಲ್ಲಿ ಎರಡು ಋತು ಸಿಗುತ್ತವೆ. ಕಣಿವೆಯಲ್ಲಿ ಹಕ್ಕಿಗಳ ಕೂಗು, ಕಾಲಡಿ ಹೊಸ ಹುಲ್ಲು. ಮೂರು ನಾಲ್ಕು ಗಂಟೆ ಹತ್ತಿದರೆ ಮೊಣಕಾಲುದ್ದದ ಹಿಮ. 1000 ಮೀಟರ್ ಮೇಲೇರಿದರೆ ತಾಪಮಾನ ಸರಾಸರಿ 6.5 ಡಿಗ್ರಿಯಷ್ಟು ಇಳಿಯುತ್ತದೆ. ಕೆಳಗೆ 12 ಡಿಗ್ರಿ ಇದ್ದರೆ, ಅಲ್ಲಿಂದ 2000 ಮೀಟರ್ ಮೇಲೆ ಸೊನ್ನೆಗಿಂತ ಒಂದು ಡಿಗ್ರಿ ಕಡಿಮೆ. ಹಾಗಾಗಿ ಚಳಿಗಾಲ ಮುಗಿಯಿತಾ ಅಂತ ಕೇಳಿದರೆ ಬೆಟ್ಟದಲ್ಲಿ ಒಂದೇ ಉತ್ತರ ಸಿಗುವುದಿಲ್ಲ. ಯಾವ ಎತ್ತರದಲ್ಲಿ, ಯಾವ ಮಗ್ಗುಲಲ್ಲಿ, ಎಷ್ಟು ಗಂಟೆಗೆ ಅಂತ ಕೇಳಬೇಕು.

ಏನು ಮಾಡುವುದು ಅನ್ನುವ ಗೊಂದಲ ಶುರುವಾಗುವುದೇ ಇಲ್ಲಿಂದ. ಸ್ಕೀಯಿಂಗ್ ಇನ್ನೂ ಮಾಡಬಹುದಾ? ಸ್ನೋಶೂ ಹೊತ್ತುಕೊಂಡು ಹೋಗಬೇಕಾ? ಅಥವಾ ಸುಮ್ನೆ ಜಲಪಾತ ನೋಡಿಕೊಂಡು ಕಣಿವೆಯಲ್ಲಿ ನಡೆಯುವುದೇ ಮೇಲಾ? ಹಲವು ವರ್ಷ ಈ ತಿಂಗಳುಗಳಲ್ಲಿ ಬೆಟ್ಟ ಸುತ್ತಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಒಂದೋ ಪೂರ್ತಿ ಮೇಲಕ್ಕೆ ಹೋಗಿ ಗಟ್ಟಿ ಹಿಮದ ಮೇಲಿರಬೇಕು. ಇಲ್ಲಾಂದ್ರೆ ಹಿಮ ಪೂರ್ತಿ ಕರಗಿದ ಕೆಳಗಿನ ದಾರಿಯಲ್ಲೇ ಉಳಿಯಬೇಕು. ಎರಡರ ನಡುವಿನ ಪಟ್ಟಿಯಲ್ಲಿ ದಿನ ಕಳೆಯುವ ಯೋಜನೆ ಹಾಕಬಾರದು. ಹೆಚ್ಚಿನವರ ದಿನ ಹಾಳಾಗುವುದು ಅಲ್ಲೇ.

ಮೊದಲು ರಾತ್ರಿಯನ್ನು ನೋಡಿ

ಈ ಕಾಲದ ಹಿಮ ಚಳಿಗಾಲದ ಹಿಮದಂತಲ್ಲ. ಹಗಲು ಬಿಸಿಲಿಗೆ ಮೇಲ್ಪದರ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ದಿನವೂ ನಡೆದು ನಡೆದು ಪುಡಿ ಹಿಮ ಹೋಗಿ, ದಪ್ಪ ಸಕ್ಕರೆಯಂಥ ಹರಳುಗಳಾಗುತ್ತವೆ. ಬೆಳಿಗ್ಗೆ ಈ ಹರಳುಗಳು ಒಂದಕ್ಕೊಂದು ಬೆಸೆದುಕೊಂಡು ಕಲ್ಲಿನಂತಿರುತ್ತವೆ. ಮಧ್ಯಾಹ್ನ ನೀರು ತುಂಬಿದ ಗಂಜಿಯಾಗುತ್ತವೆ. ಎರಡರ ನಡುವೆ ಮೇಲಿನ ಎರಡು ಮೂರು ಸೆಂಟಿಮೀಟರ್ ಮಾತ್ರ ಸಡಿಲವಾಗಿ, ಅಡಿಯಲ್ಲಿ ಗಟ್ಟಿಯಾಗಿರುವ ಒಂದೆರಡು ಗಂಟೆ ಸಿಗುತ್ತದೆ. ಸ್ಕೀಯಿಂಗ್ ಮಾಡುವವರು ಇದನ್ನು ಕಾರ್ನ್ ಸ್ನೋ ಅನ್ನುತ್ತಾರೆ. ಅವರು ಇಡೀ ವರ್ಷ ಕಾಯುವುದು ಇದಕ್ಕೇ.

ಇಷ್ಟೆಲ್ಲ ನಿಂತಿರುವುದು ಹಿಂದಿನ ರಾತ್ರಿಯ ಮೇಲೆ. ಆಕಾಶ ತಿಳಿಯಾಗಿದ್ದರೆ ಹಿಮ ತನ್ನ ಶಾಖವನ್ನು ನೇರವಾಗಿ ಮೇಲಕ್ಕೆ ಬಿಟ್ಟುಕೊಡುತ್ತದೆ. ಗಾಳಿ ಸೊನ್ನೆಗಿಂತ ಒಂದೆರಡು ಡಿಗ್ರಿ ಜಾಸ್ತಿ ಇದ್ದರೂ ಹಿಮದ ಮೇಲ್ಮೈ ಹೆಪ್ಪುಗಟ್ಟಬಲ್ಲದು. ಮೋಡ ಕವಿದಿದ್ದರೆ ಆ ಶಾಖ ಹಿಂದಿರುಗುತ್ತದೆ, ಹಿಮ ಗಟ್ಟಿಯಾಗುವುದಿಲ್ಲ. ಹಗಲಿನ ಮುನ್ಸೂಚನೆಯಲ್ಲಿ ಸೂರ್ಯನ ಚಿತ್ರ ನೋಡಿ ಖುಷಿಪಡುವವರೇ ಜಾಸ್ತಿ. ನಾನು ಮೊದಲು ನೋಡುವುದು ರಾತ್ರಿಯ ಮೋಡವನ್ನು. ರಾತ್ರಿಯಿಡೀ ಮೋಡ, ಬೆಚ್ಚಗಿನ ಗಾಳಿ ಅಥವಾ ಮಳೆ ಇದ್ದರೆ ಮೇಲಿನ ಆಯ್ಕೆಗಳನ್ನೆಲ್ಲ ಆ ದಿನಕ್ಕೆ ಕೈಬಿಡುತ್ತೇನೆ.

ಮಗ್ಗುಲೂ ಅಷ್ಟೇ ಮುಖ್ಯ. ಭೂಮಿಯ ಉತ್ತರಾರ್ಧದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬೇಗ ಕರಗುತ್ತದೆ, ಉತ್ತರದ ಮಗ್ಗುಲಲ್ಲಿ ಹಿಮ ವಾರಗಟ್ಟಲೆ ಹೆಚ್ಚು ಉಳಿಯುತ್ತದೆ. ದಕ್ಷಿಣಾರ್ಧದಲ್ಲಿ ಇದು ತಿರುಗುಮುರುಗು, ಅಲ್ಲಿ ಈ ಕಾಲ ಬರುವುದೂ ಸೆಪ್ಟೆಂಬರ್ ಹೊತ್ತಿಗೆ. ಕೆಳಗೆ ಅಷ್ಟು ಬೆಚ್ಚಗಿದ್ದರೂ ಮೇಲೆ ಇಷ್ಟು ಹಿಮ ಹೇಗೆ ಉಳಿದಿದೆ ಅಂತ ಆಶ್ಚರ್ಯ ಆಗಬಹುದು. ಒಂದು ಕಿಲೋ ಮಂಜುಗಡ್ಡೆ ಕರಗಿಸಲು ಬೇಕಾದ ಶಾಖದಲ್ಲಿ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ಗಾಳಿ ಬಿಸಿಯಾದ ತಕ್ಷಣ ಬೆಟ್ಟ ಬದಲಾಗುವುದಿಲ್ಲ.

ಹಿಮದ ಮೇಲೆ: ನಾಲ್ಕು ದಾರಿ

ಯಂತ್ರದಿಂದ ಹದ ಮಾಡಿದ ಸ್ಕೀ ಇಳಿಜಾರು ಇವುಗಳಲ್ಲಿ ಸುಲಭದ ಆಯ್ಕೆ. ಕೈಕಾಲು ಮರಗಟ್ಟುವ ಚಳಿ ಇಲ್ಲ, ಹಗಲು ಉದ್ದ, ಗಸ್ತು ತಂಡ ಹತ್ತಿರದಲ್ಲೇ ಇರುತ್ತದೆ. ಹೊಸದಾಗಿ ಕಲಿಯುವವರಿಗೆ ಚಳಿಗಾಲದ ನಡುವಿಗಿಂತ ಈಗಲೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬಿದ್ದರೆ ಏಳಲು ಮನಸ್ಸಾಗುತ್ತದೆ! ಆದರೆ ಲಿಫ್ಟ್ ತೆರೆದ ಕೂಡಲೇ ಓಡಬೇಡಿ, ಆಗ ಇಳಿಜಾರು ಗಾಜಿನಂತಿರುತ್ತದೆ. ಬಿಸಿಲು ಬಿದ್ದು ಸ್ವಲ್ಪ ಮೆತ್ತಗಾಗಲಿ. ಮೊದಲು ಪೂರ್ವದ ಮಗ್ಗುಲು, ಆಮೇಲೆ ದಕ್ಷಿಣ, ಕೊನೆಗೆ ಪಶ್ಚಿಮ, ಹೀಗೆ ಸೂರ್ಯನ ಹಿಂದೆಯೇ ಹೋಗಿ. ಮಧ್ಯಾಹ್ನದ ಹೊತ್ತಿಗೆ ಹಿಮ ಭಾರವಾಗಿ ಸ್ಕೀಯನ್ನು ಹಿಡಿದುಕೊಳ್ಳುತ್ತದೆ. ದಣಿದ ಕಾಲು, ಅಂಟಿಕೊಳ್ಳುವ ಹಿಮ, ಎರಡೂ ಸೇರಿದಾಗ ಮೊಣಕಾಲು ತಿರುಚಿಕೊಳ್ಳುತ್ತದೆ. ಊಟಕ್ಕೆ ನಿಲ್ಲಿಸಿದರೆ ಅಲ್ಲಿಗೇ ಮುಗಿಸಿ.

ಎರಡನೆಯದು ಸ್ಕೀ ಟೂರಿಂಗ್. ಸ್ಕೀ ಅಡಿಗೆ, ಹಿಂದಕ್ಕೆ ಜಾರದಂತೆ ತಡೆಯುವ ಸ್ಕಿನ್ ಪಟ್ಟಿ ಅಂಟಿಸಿಕೊಂಡು ನಮ್ಮ ಕಾಲಿನ ಬಲದಲ್ಲೇ ಹತ್ತುವುದು, ಮೇಲೆ ಪಟ್ಟಿ ಬಿಚ್ಚಿ ಜಾರಿಕೊಂಡು ಇಳಿಯುವುದು. ನನಗೆ ಇದಕ್ಕಿಂತ ಪ್ರೀತಿಯದು ಬೇರೆ ಇಲ್ಲ. ಕತ್ತಲಲ್ಲೇ ಹೊರಟು, ಹೆಪ್ಪುಗಟ್ಟಿದ ಹಿಮ ಕರ್ ಕರ್ ಅನ್ನುವ ಸದ್ದಿನಲ್ಲಿ ಗಂಟೆಗಟ್ಟಲೆ ನಡೆದು, ಸೂರ್ಯ ಮೂಡುವಾಗ ಏಣಿನ ಮೇಲೆ ನಿಂತಿರುವುದು. ಆಮೇಲೆ ಹದವಾದ ಹಿಮದಲ್ಲಿ 1000 ಮೀಟರ್ ಇಳಿತ. ಮೊದಲ ಸಲ ಹಾಗೆ ಇಳಿದಾಗ ನಾನು ಕೆಳಗೆ ನಿಂತು ಅತ್ತಿದ್ದೆ. ಆದರೂ ಎಲ್ಲರಿಗೂ ಇದನ್ನು ಹೇಳಲಾರೆ. ಹದ ಮಾಡಿದ ಇಳಿಜಾರಿನಲ್ಲಿ ಚೆನ್ನಾಗಿ ಸ್ಕೀಯಿಂಗ್ ಬರಬೇಕು, ಹಿಮಕುಸಿತದ ತರಬೇತಿ ಆಗಿರಬೇಕು. ತಂಡದ ಪ್ರತಿಯೊಬ್ಬರ ಬಳಿ 457 ಕಿಲೋಹರ್ಟ್ಸ್‌ನ ಟ್ರಾನ್ಸೀವರ್ (ಹಿಮದಡಿ ಹೂತವರನ್ನು ಪತ್ತೆಹಚ್ಚುವ ಪುಟ್ಟ ರೇಡಿಯೋ ಸಾಧನ), ಸಲಿಕೆ, ಹುಡುಕುವ ಕೋಲು ಇರಬೇಕು. ಹಿಮದಡಿ ಸಿಕ್ಕವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷದ ನಂತರ ಸರಸರ ಕುಸಿಯುತ್ತದೆ. ಹೊರಗಿನ ನೆರವು ಅಷ್ಟರಲ್ಲಿ ಬರುವುದಿಲ್ಲ. ಪಕ್ಕದಲ್ಲಿರುವ ಗೆಳೆಯರೇ ಅಗೆದು ತೆಗೆಯಬೇಕು.

ಮೂರನೆಯದು ಸ್ನೋಶೂ. ಆಳದ ಮೆದು ಹಿಮದಲ್ಲಿ ಮುಳುಗದಂತೆ ಕಾಲನ್ನು ಎತ್ತಿ ಹಿಡಿಯುವ ಅಗಲ ಚೌಕಟ್ಟು ಇದು. ಚಳಿಗಾಲದ ನಡುವೆ ಇದಕ್ಕೆ ಸಾಟಿ ಇಲ್ಲ. ಈಗ? ಬೆಳಿಗ್ಗೆ ಹಿಮ ಗಟ್ಟಿಯಾಗಿದ್ದಾಗ ಸ್ನೋಶೂ ಬೇಕಾಗುವುದೇ ಇಲ್ಲ, ಬೆನ್ನ ಮೇಲೆ ಹೊರುವ ಭಾರ ಅಷ್ಟೇ. ಓರೆ ಇಳಿಜಾರನ್ನು ಅಡ್ಡ ದಾಟುವಾಗ ಕಾಲನ್ನೂ ತಿರುಚುತ್ತದೆ. ಇದು ಉಪಯೋಗಕ್ಕೆ ಬರುವುದು ನೆರಳಿನ ಕಾಡಿನೊಳಗೆ, ಸಪಾಟು ದಾರಿಯಲ್ಲಿ, ಮೆದು ಹಿಮ ಇನ್ನೂ ಉಳಿದಿರುವ ಕಡೆ.

ನಾಲ್ಕನೆಯದನ್ನು ಜನ ಕಡೆಗಣಿಸುತ್ತಾರೆ. ಮುಂಜಾನೆಯ ಗಟ್ಟಿ ಹಿಮದ ಮೇಲೆ ಬೂಟಿಗೆ ಮೈಕ್ರೋಸ್ಪೈಕ್ ಹಾಕಿಕೊಂಡು ನಡೆಯುವುದು. ರಬ್ಬರ್ ಪಟ್ಟಿಗೆ ಸರಪಳಿ, ಅದಕ್ಕೆ ಸುಮಾರು ಒಂದು ಸೆಂಟಿಮೀಟರ್‌ನ ಮೊಳೆಗಳು. ಹಾಕಿಕೊಳ್ಳಲು ಒಂದು ನಿಮಿಷ ಸಾಕು, ಮಡಚಿದರೆ ಮುಷ್ಟಿಯಷ್ಟು. ಬೇಸಿಗೆಯಲ್ಲಿ ಪೊದೆ, ಬಂಡೆ ತುಂಬಿ ದಾರಿಯೇ ಇಲ್ಲದ ಬಯಲು ಈಗ ಹಿಮದಡಿ ಸಪಾಟಾಗಿ, ಎಲ್ಲಿ ಬೇಕಾದರೂ ನಡೆಯುವಂತಿರುತ್ತದೆ. ಹಿಮದಲ್ಲಿ ಹಿಂದೆಂದೂ ನಡೆಯದವರು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಸ್ನೋಶೂಗಿಂತ, ಸ್ಕೀಗಿಂತ ಕಲಿಯುವುದು ಕಡಿಮೆ, ಮುಂಜಾನೆಯ ಬೆಟ್ಟದ ಸುಖ ಪೂರ್ತಿ.

ಮೈಕ್ರೋಸ್ಪೈಕ್ ಸಾಕಾ, ಬೂಟಿಗೆ ಕಟ್ಟುವ ಉದ್ದ ಮೊನೆಗಳ ಲೋಹದ ಚೌಕಟ್ಟು, ಅಂದರೆ ಕ್ರ್ಯಾಂಪಾನ್ ಬೇಕಾ? ಇಳಿಜಾರಿನ ಬುಡ ನೋಡಿ ಒಂದೇ ಮಾತು ಕೇಳಿಕೊಳ್ಳಿ: ಇಲ್ಲಿ ಜಾರಿದರೆ ನಾನು ಎಲ್ಲಿ ನಿಲ್ಲುತ್ತೇನೆ? ನಾಲ್ಕು ಮಾರು ದೂರದ ಸಪಾಟಿನಲ್ಲಿ ನಿಂತರೆ ಮೈಕ್ರೋಸ್ಪೈಕ್ ಸಾಕು. ಕೆಳಗೆ ಬಂಡೆ, ಮರ, ಕಮರಿ ಇದ್ದರೆ 10 ಅಥವಾ 12 ಮೊನೆಗಳ ಕ್ರ್ಯಾಂಪಾನ್ ಬೇಕು, ಕೈಯಲ್ಲಿ ಐಸ್ ಆಕ್ಸ್ (ಹಿಮಗೊಡಲಿ) ಬೇಕು, ಎರಡನ್ನೂ ಬಳಸಲು ಕಲಿತಿರಬೇಕು. ಕಲಿತಿಲ್ಲ ಅಂದರೆ ಬೇರೆ ದಾರಿ ಹಿಡಿಯಿರಿ. ಹೆಪ್ಪುಗಟ್ಟಿದ ಹಿಮದಲ್ಲಿ ಜಾರಿದವರು ಬರಿಗೈಯಲ್ಲಿ ನಿಲ್ಲಿಸಿಕೊಳ್ಳುವುದು ಬಹಳ ಕಷ್ಟ.

ಹಿಮಕುಸಿತದ ಲೆಕ್ಕ ಈಗ ಬೇರೆ

ಹಿಮಕುಸಿತ ಹೆಚ್ಚಾಗಿ ಶುರುವಾಗುವುದು 30ರಿಂದ 45 ಡಿಗ್ರಿ ಓರೆಯ ಇಳಿಜಾರಿನಲ್ಲಿ. ಚಳಿಗಾಲದ ಒಣ ಹಿಮದಲ್ಲಿ ಅನಾಹುತವಾದಾಗ, ಬಹಳ ಸಲ ಅದನ್ನು ಎಬ್ಬಿಸಿದವರು ಸಿಕ್ಕಿಬಿದ್ದವರೇ ಆಗಿರುತ್ತಾರೆ. ಈಗಿನ ಒದ್ದೆ ಹಿಮಕುಸಿತ ಹಾಗಲ್ಲ. ಯಾರೂ ಮುಟ್ಟದಿದ್ದರೂ, ನೀರು ಒಳಗೆ ಇಳಿದು ಪದರಗಳ ಹಿಡಿತ ಸಡಿಲವಾದಾಗ ತಾನಾಗಿಯೇ ಜಾರುತ್ತದೆ. ನಾವು ಹಗುರವಾಗಿ ಹೆಜ್ಜೆ ಇಟ್ಟರೂ ಪ್ರಯೋಜನವಿಲ್ಲ. ಹೊತ್ತಿಗೆ ಮುಂಚೆ ಅಲ್ಲಿಂದ ಹೊರಬಿದ್ದಿರಬೇಕು. ನಿಮ್ಮ ದಾರಿ ಸಪಾಟಾಗಿದ್ದರೂ ತಲೆಯ ಮೇಲಿನ ಇಳಿಜಾರನ್ನು ಮರೆಯಬೇಡಿ, ಅಲ್ಲಿಂದ ಜಾರಿದ್ದು ನಿಮ್ಮ ತನಕ ಬರಬಹುದು.

ಬೆಟ್ಟ ಗುರುತುಗಳನ್ನು ಕೊಡುತ್ತದೆ. ಬಿಸಿಲಿನ ಮಗ್ಗುಲಲ್ಲಿ ಹಿಮದ ಉಂಡೆಗಳು ತಾವಾಗಿಯೇ ಉರುಳಲು ಶುರುವಾದರೆ, ಬೂಟು ಕಣಕಾಲಿನ ಮೇಲಕ್ಕೆ ಹೂತರೆ, ಆ ಮಗ್ಗುಲಿನ ಹೊತ್ತು ಮುಗಿಯಿತು. ಏಣಿನ ಅಂಚಿನಲ್ಲಿ ಗಾಳಿ ಕಟ್ಟಿದ ಹಿಮದ ಚಜ್ಜಗಳು ಈಗ ಮುರಿಯುತ್ತವೆ. ಅವುಗಳ ಮೇಲೂ ಹೋಗಬಾರದು, ಕೆಳಗೂ ನಿಲ್ಲಬಾರದು. ಯುರೋಪಿನಲ್ಲಿ 1993ರಿಂದ ಬಳಕೆಯಲ್ಲಿರುವ 5 ಹಂತದ (1 ಕಡಿಮೆ, 5 ಅತಿ ಹೆಚ್ಚು) ಹಿಮಕುಸಿತ ಅಪಾಯ ಮಾಪಕದಂಥದ್ದೇ ಈಗ ಹಲವು ಕಡೆ ಇದೆ. 3 ನಡುವಿನ ಅಂಕಿಯಾದ್ದರಿಂದ ಅದನ್ನು ಸಾಧಾರಣ ಅಂತ ಓದಿಕೊಳ್ಳುವವರಿದ್ದಾರೆ. ಅದು ತಪ್ಪು. ಬಹಳ ಸಾವುಗಳು ಆಗುವುದು ಆ ಹಂತದ ದಿನಗಳಲ್ಲೇ. ಇನ್ನೊಂದು ವಿಷಯ: ಈ ಕಾಲದಲ್ಲಿ ಬೆಳಿಗ್ಗೆಗೆ ಒಂದು ಅಂಕಿ, ಮಧ್ಯಾಹ್ನಕ್ಕೆ ಇನ್ನೊಂದು ಅಂಕಿ ಕೊಡುವುದುಂಟು. ಎರಡನ್ನೂ ಓದಿ.

ಕೆಳಗಿನ ದಾರಿಗಳು

ಕಣಿವೆಯಲ್ಲಿ ನಡೆಯುವುದನ್ನು ಮೇಲೆ ಹೋಗಲಾಗದವರ ಸಮಾಧಾನ ಅಂತ ಭಾವಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜಲಪಾತ ಇಷ್ಟು ತುಂಬಿ ಸುರಿಯುವುದನ್ನು ಬೇಸಿಗೆಯಲ್ಲಿ ಬಂದವರು ನೋಡಿರುವುದಿಲ್ಲ. ಎಲೆ ಉದುರಿಸುವ ಕಾಡುಗಳಲ್ಲಿ ಮರ ಚಿಗುರಿ ನೆರಳು ಕವಿಯುವ ಮುಂಚೆ, ನೆಲದ ಪುಟ್ಟ ಗಿಡಗಳು ಕೆಲವೇ ವಾರಗಳಲ್ಲಿ ಹೂ ಬಿಟ್ಟು ಮುಗಿಸುತ್ತವೆ. ಮರ ಬೋಳಾಗಿರುವುದರಿಂದ ಹಕ್ಕಿ ಕೂಗಿದರೆ ಕಣ್ಣಿಗೂ ಸಿಗುತ್ತದೆ. ಹೊರಡಲು ನಸುಕಿನಲ್ಲಿ ಏಳಲೇಬೇಕೆಂದಿಲ್ಲ. ಮಕ್ಕಳಿಗೂ ವಯಸ್ಸಾದವರಿಗೂ ಇದೇ ಒಳ್ಳೆಯದು. ರಾತ್ರಿ ಹೆಪ್ಪುಗಟ್ಟದ ದಿನಗಳಲ್ಲಂತೂ ಎಲ್ಲರಿಗೂ ಇದೇ ಸರಿ.

ಇಲ್ಲಿ ಎಚ್ಚರ ಬೇಕಾದ್ದು ನೀರಿನ ವಿಷಯದಲ್ಲಿ. ಮೇಲಿನ ಹಿಮ ಕರಗಿ ಬರುವ ತೊರೆ ಮುಂಜಾನೆ ಸಣ್ಣಗಿರುತ್ತದೆ. ಮಧ್ಯಾಹ್ನ ಕಳೆದು ಸಂಜೆಯ ಹೊತ್ತಿಗೆ ಉಕ್ಕುತ್ತದೆ. ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದ ಜಾಗದಲ್ಲಿ ಹಿಂದಿರುಗುವಾಗ ಮೊಣಕಾಲುದ್ದ ನೀರು ಇರಬಹುದು. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಸೇತುವೆ ಇರುವ ದಾರಿ ಆರಿಸಿ, ಇಲ್ಲವೇ ಒಂದೇ ದಡದಲ್ಲಿ ಹೋಗಿ ಬರುವ ದಾರಿ. ದಾಟಲೇಬೇಕಾದರೆ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಕೊಳ್ಳಿ, ಬಿದ್ದರೆ ಬ್ಯಾಗ್ ಕಳಚಿ ಬರಬೇಕು.

ಕೆಸರು ಇರುತ್ತದೆ. ಬೂಟು ಹಾಳಾಗುತ್ತದೆಂದು ದಾರಿಯ ಅಂಚಿನ ಹುಲ್ಲಿನ ಮೇಲೆ ನಡೆಯಬೇಡಿ, ನಡುವೆಯೇ ನಡೆಯಿರಿ. ನೀರು ಕುಡಿದ ನೆಲ ಈಗ ಬಹಳ ಮೆತ್ತಗಿರುತ್ತದೆ. ಎಲ್ಲರೂ ಅಂಚು ತುಳಿದರೆ ಒಂದೇ ಋತುವಿನಲ್ಲಿ ದಾರಿ ಎರಡು ಪಟ್ಟು ಅಗಲವಾಗಿ, ಚಿಗುರುವ ಗಿಡಗಳೆಲ್ಲ ಹೋಗುತ್ತವೆ. ಕೆಲವು ಕಡೆ ಈ ಕಾರಣಕ್ಕೇ ದಾರಿಗಳನ್ನು ಕೆಲ ವಾರ ಮುಚ್ಚುತ್ತಾರೆ. ಮುಚ್ಚಿದ್ದರೆ ದಯವಿಟ್ಟು ಒಳಗೆ ಹೋಗಬೇಡಿ.

ಪ್ರಾಣಿಗಳ ಬಗ್ಗೆಯೂ ಹೇಳಬೇಕು. ಜಿಂಕೆ, ಕಾಡುಮೇಕೆಯಂಥವು ಚಳಿಗಾಲವಿಡೀ ಮೈಯ ಕೊಬ್ಬು ಕರಗಿಸಿಕೊಂಡು ಈಗ ತೀರಾ ಬಡಕಲಾಗಿರುತ್ತವೆ. ನಮ್ಮನ್ನು ನೋಡಿ ಬೆದರಿ ಹಿಮದಲ್ಲಿ ಓಡಿದ ಒಂದು ಓಟವೂ ಅವಕ್ಕೆ ದುಬಾರಿ. ಕಂಡರೆ ದೂರದಲ್ಲೇ ನಿಂತು, ಸುತ್ತುಬಳಸಿ ಹೋಗಿ. ಕರಡಿ ಇರುವ ಕಾಡಾದರೆ ಅವು ಗುಹೆಯಿಂದ ಹೊರಬರುವ ಕಾಲವೂ ಇದೇ. ಹುಲ್ಲಿನಲ್ಲಿ ಉಣುಗುಗಳೂ ಚುರುಕಾಗುತ್ತವೆ. ಮನೆಗೆ ಬಂದ ಮೇಲೆ ಮೊಣಕಾಲಿನ ಹಿಂದೆ, ಕಂಕುಳು, ತಲೆಕೂದಲು ನೋಡಿಕೊಳ್ಳಿ.

ನಡುವಿನ ಪಟ್ಟಿ ಯಾಕೆ ಬೇಡ

ಹಿಮ ಅರ್ಧ ಕರಗಿದ ಎತ್ತರದಲ್ಲಿ ದಾರಿ ಕಾಣುವುದಿಲ್ಲ, ಹಿಮವೂ ಭಾರ ಹೊರುವುದಿಲ್ಲ. ಹತ್ತು ಹೆಜ್ಜೆ ಕೆಸರು, ಇಪ್ಪತ್ತು ಹೆಜ್ಜೆ ಕೊಳೆತ ಹಿಮ, ಮತ್ತೆ ಕೆಸರು. ಸ್ನೋಶೂ ಹಾಕಿ ಬಿಚ್ಚಿ ಸಾಕಾಗುತ್ತದೆ. ಬಿಸಿಲಿಗೆ ಕಾದ ಬಂಡೆ ಮತ್ತು ಮರದ ಬುಡದ ಸುತ್ತ ಹಿಮ ಒಳಗಿನಿಂದ ಕರಗಿ ಟೊಳ್ಳಾಗಿರುತ್ತದೆ. ಮೇಲಿನಿಂದ ಅದು ಗೊತ್ತಾಗುವುದಿಲ್ಲ. ತೊರೆಯ ಮೇಲಿನ ಹಿಮದ ಸೇತುವೆಗಳೂ ಹಾಗೆಯೇ ತೆಳುವಾಗಿರುತ್ತವೆ.

ಒಮ್ಮೆ ಇಳಿಯುವುದು ತಡವಾಗಿ ನಾನು ಈ ಪಟ್ಟಿಯಲ್ಲಿ ಸಿಕ್ಕಿಕೊಂಡೆ. ಬೆಳಿಗ್ಗೆ ಮುಕ್ಕಾಲು ಗಂಟೆಯಲ್ಲಿ ಹತ್ತಿದ ದಾರಿ ಅದು. ಮಧ್ಯಾಹ್ನ ಮೂರರ ಮೇಲೆ ಇಳಿಯಲು ಎರಡೂವರೆ ಗಂಟೆ ಹಿಡಿಯಿತು. ಮೂರು ಹೆಜ್ಜೆಗೊಮ್ಮೆ ತೊಡೆಯವರೆಗೆ ಹೂತುಹೋಗುತ್ತಿದ್ದೆ. ಒಂದು ಬಂಡೆಯ ಪಕ್ಕ ಕಾಲು ಒಳಗೆ ಸಿಕ್ಕಿಕೊಂಡಾಗ ಜೊತೆಗಿದ್ದ ಗೆಳತಿ ಕೈಯಿಂದಲೇ ಹಿಮ ಅಗೆದು ಬಿಡಿಸಿದಳು. ಪ್ಯಾಂಟು, ಕಾಲುಚೀಲ ಎಲ್ಲ ಒದ್ದೆಯಾಗಿ, ಕಾರು ಸೇರುವ ಹೊತ್ತಿಗೆ ನನ್ನ ಮಾತು ತೊದಲುತ್ತಿತ್ತು. ಗಾಳಿ ಸೊನ್ನೆಗಿಂತ ಏಳೆಂಟು ಡಿಗ್ರಿ ಮೇಲೇ ಇತ್ತು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖ ಎಳೆದುಕೊಳ್ಳುತ್ತದೆ, ಅಷ್ಟೇನೂ ಚಳಿಯಿಲ್ಲದ ದಿನವೂ ಮೈ ತಣ್ಣಗಾಗಬಹುದು. ಮೇಲೆ ಹೋಗುವವರು ಹೇಗೂ ಈ ಪಟ್ಟಿಯನ್ನು ದಾಟಲೇಬೇಕು. ದಾಟುವುದಾದರೆ ಎರಡೂ ಸಲ ಅದು ಗಟ್ಟಿಯಾಗಿರುವಾಗಲೇ ದಾಟಿ. ಅಂದರೆ ಬಿಸಿಲಿನ ಮಗ್ಗುಲಲ್ಲಿ ಸುಮಾರು 11ರ ಒಳಗೆ ಕೆಳಗೆ ಇಳಿದಿರಬೇಕು. ಬೆಚ್ಚಗಿನ ದಿನ ಇನ್ನೂ ಬೇಗ.

ಸೈಕಲ್, ಬಂಡೆ, ನದಿ

ಮಣ್ಣಿನ ದಾರಿಯ ಸೈಕಲ್ ಸವಾರಿಗೆ ಇದು ಕಾಲವಲ್ಲ. ಚಕ್ರದ ಗೀರು ಒಣಗಿ ವರ್ಷವಿಡೀ ಉಳಿಯುತ್ತದೆ. ಡಾಂಬರು ರಸ್ತೆಯಲ್ಲಾದರೆ ಚಂದ. ಇಳಿಯುವಾಗ ನೆರಳಿನ ತಿರುವುಗಳಲ್ಲಿ ಮಂಜುಗಡ್ಡೆ ಮತ್ತು ಚಳಿಗಾಲದಲ್ಲಿ ಹರಡಿದ ಮರಳು ಇರುತ್ತವೆ, ಬ್ರೇಕ್ ಮೊದಲೇ ಹಿಡಿಯಿರಿ. ಬಂಡೆ ಹತ್ತುವವರಿಗೆ ಬಿಸಿಲಿನ ಮಗ್ಗುಲಿನ ತಗ್ಗು ಬಂಡೆಗಳು ಬೇಗ ಒಣಗುತ್ತವೆ. ಆದರೆ ಬಿರುಕಿನ ನೀರು ಹೆಪ್ಪುಗಟ್ಟಿ ಕರಗುವಾಗ ಕಲ್ಲು ಸಡಿಲವಾಗುತ್ತದೆ, ಹೆಲ್ಮೆಟ್ ಬುಡದಲ್ಲಿ ನಿಂತವರಿಗೂ ಬೇಕು. ಕಾಯಕ್, ರಾಫ್ಟಿಂಗ್‌ಗೆ ನೀರು ಭರ್ತಿ ಇರುತ್ತದೆ ನಿಜ, ಆದರೆ ಅದು ಹಿಮದ ನೀರು. ಅನುಭವಿ ತಂಡ, ದಪ್ಪ ವೆಟ್‌ಸೂಟ್ ಇಲ್ಲದೆ ಇಳಿಯಬೇಡಿ.

ಬಿಸಿಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ

ಯಾವ ಆಯ್ಕೆಯಾದರೂ ಜನ ಮರೆಯುವುದು ಇದನ್ನೇ. ಏಪ್ರಿಲ್ 20ರ ಸೂರ್ಯ ಆಗಸ್ಟ್ 22ರ ಸೂರ್ಯನಷ್ಟೇ ಎತ್ತರದಲ್ಲಿರುತ್ತಾನೆ. ಗಾಳಿ ತಣ್ಣಗಿರುವುದರಿಂದ ಅದು ಮೈಗೆ ಗೊತ್ತಾಗುವುದಿಲ್ಲ, ಅಷ್ಟೇ. 1000 ಮೀಟರ್‌ಗೆ ಅತಿನೇರಳೆ ಕಿರಣ ಸುಮಾರು ಶೇಕಡ 10ರಷ್ಟು ಹೆಚ್ಚುತ್ತದೆ. ಹೊಸ ಹಿಮ ಅದರಲ್ಲಿ ಶೇಕಡ 80ರಷ್ಟನ್ನು ಮತ್ತೆ ಮುಖಕ್ಕೆ ಎಸೆಯುತ್ತದೆ. ಟೋಪಿ ಇದ್ದರೂ ಗದ್ದದ ಅಡಿ, ಮೂಗಿನ ಹೊಳ್ಳೆಯ ಅಂಚು ಸುಡುವುದು ಅದಕ್ಕೇ. ಅಲ್ಲೆಲ್ಲ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕಣ್ಣಿಗೆ ಪಕ್ಕದಿಂದಲೂ ಬೆಳಕು ನುಗ್ಗದ ಕನ್ನಡಕ ಬೇಕು. ಕಣ್ಣು ಸುಟ್ಟದ್ದು ಆಗಲೇ ತಿಳಿಯುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಬಿಟ್ಟು, ಮರಳು ಹಾಕಿ ಉಜ್ಜಿದಂತೆ ಉರಿಯುತ್ತದೆ. ಮಕ್ಕಳಿಗೆ ಆಟದ ಕನ್ನಡಕ ಕೊಟ್ಟು ಕರೆದೊಯ್ಯಬೇಡಿ.

ಬಟ್ಟೆಯಲ್ಲಿ ಹತ್ತಿಯನ್ನು ಬಿಟ್ಟು ಉಣ್ಣೆ ಅಥವಾ ಬೇಗ ಒಣಗುವ ಸಿಂಥೆಟಿಕ್ ಪದರ ಹಾಕಿ. ಒಂದು ಜೊತೆ ಒಣ ಕಾಲುಚೀಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹಿಮ ಹುಡುಕಿಕೊಂಡು ಎತ್ತರಕ್ಕೆ ಹೋಗುವವರು ಇನ್ನೊಂದು ಲೆಕ್ಕ ಇಡಬೇಕು. 2500 ಮೀಟರ್ ದಾಟಿದರೆ ಎತ್ತರದ ಕಾಯಿಲೆ ಬರಬಹುದು. 3000 ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬೇಡಿ.

ಹಿಂದಿನ ಸಂಜೆ ನಾನು ಹೇಗೆ ಆರಿಸುತ್ತೇನೆ

ರಾತ್ರಿ ತಿಳಿ ಆಕಾಶ, ಮೇಲೆ ಸೊನ್ನೆಗಿಂತ ಕಡಿಮೆ ಅಂತ ಮುನ್ಸೂಚನೆ ಇದ್ದು, ಹಿಮಕುಸಿತದ ಬೆಳಗಿನ ಅಂಕಿ 1 ಅಥವಾ 2 ಇದ್ದರೆ ಮೇಲೆ. ತಂಡದಲ್ಲಿ ಎಲ್ಲರಿಗೂ ಸ್ಕೀಯಿಂಗ್ ಬಂದು ತರಬೇತಿ ಆಗಿದ್ದರೆ ಟೂರಿಂಗ್. ಒಬ್ಬರೇ ಒಬ್ಬರು ಹೊಸಬರಿದ್ದರೂ, ಅಗಲವಾದ ಸಪಾಟು ಬಯಲಿನಲ್ಲಿ ಮೈಕ್ರೋಸ್ಪೈಕ್ ನಡಿಗೆ. ನಸುಕಿನಲ್ಲಿ ಏಳಲು ಯಾರಿಗಾದರೂ ಕಷ್ಟ ಅಂದರೆ ಹದ ಮಾಡಿದ ಇಳಿಜಾರು, ಹತ್ತು ಗಂಟೆಯಿಂದ ಒಂದರವರೆಗೆ. ರಾತ್ರಿ ಬೆಚ್ಚಗಿದ್ದರೆ ಎರಡನೇ ಯೋಚನೆ ಇಲ್ಲ, ಕಣಿವೆ ಮತ್ತು ಜಲಪಾತ. ಎರಡು ಮೂರು ದಿನ ಕೈಯಲ್ಲಿದ್ದರೆ ಮೊದಲ ದಿನ ಕೆಳಗೇ ನಡೆದು, ಅಲ್ಲಿಂದ ದುರ್ಬೀನಿನಲ್ಲಿ ಮೇಲಿನ ಇಳಿಜಾರು ನೋಡುತ್ತೇನೆ. ಹೊಸದಾಗಿ ಎಲ್ಲೆಲ್ಲಿ ಜಾರಿದೆ, ಯಾವ ಮಗ್ಗುಲು ಬೋಳಾಗಿದೆ ಅಂತ ಗುರುತು ಮಾಡಿಕೊಂಡು ಮಾರನೆಯ ದಿನದ ದಾರಿ ಆರಿಸುತ್ತೇನೆ.

ಬೆಳಿಗ್ಗೆ ಬುಡದಲ್ಲಿ ನಿಂತಾಗ ಇನ್ನೊಂದು ಪರೀಕ್ಷೆ. ಹಿಮದ ಮೇಲೆ ಕಾಲಿಟ್ಟು ಪೂರ್ತಿ ಭಾರ ಹಾಕಿ. ಬೂಟಿನ ಅಚ್ಚು ಮಾತ್ರ ಮೂಡಿದರೆ ಹೊರಡಿ. ಹೊರಡುವ ಮುಂಚೆಯೇ ಕಾಲು ಒಳಗೆ ಹೋದರೆ ಎಷ್ಟೇ ದೂರದಿಂದ ಬಂದಿದ್ದರೂ ಕಾರಿನ ಕಡೆ ತಿರುಗಿ, ಕೆಳಗಿನ ದಾರಿ ಹಿಡಿಯಿರಿ.